ಮೀನಿಗೊಂದು ಸ್ನಾನ

ಉಮರ್ಗಾ, ನಿಲಂಗಾ, ಉದಗೀರ ಎಂದೊಡನೆ ಓದುಗರ ಕಣ್ಣಿಗೆ ಕಟ್ಟುವುದು ಎರೆಮಣ್ಣು, ತೊಗರಿ, ಬತ್ತಿದ ಬಾವಿ. ೨೦೧೬ರ ಬೇಸಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಬಂದುದನ್ನು ಯಾರು ಮರೆತಾರು? ಇಂಥ ಸೀಮೆಯವರು ಮೀನಿನ ಮಾತು ತೆಗೆದರೆ ನಗೆ ಬರುವುದು ಸಹಜ. ಆದರೆ ಮೀನುಗಾರಿಕೆಯ ಕಾಲೇಜೊಂದು ನಮ್ಮ ಉದಗೀರದಲ್ಲಿಯೇ ಇದೆ. ಗಡಿಯಾಚೆಯ ಬೀದರದಲ್ಲಿ ಪಶು ಮತ್ತು ಮೀನುಗಾರಿಕೆಯ ವಿಶ್ವವಿದ್ಯಾಲಯವಿದೆ. ಹನ್ನೆರಡನೆಯ ಶತಮಾನದಲ್ಲಿ ನೆರೆಯ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದು ಒಂದು ಪ್ರಕರಣವನ್ನೇ ಮೀಸಲಿಟ್ಟು, ಮೀನಿನ ಜಾತಿಗಳನ್ನೂ ಅವುಗಳಿಗಿಡುವ ಆಹಾರವನ್ನೂ ವರ್ಣಿಸಿದ್ದಾನೆ. ಅರಸನಿಗೆ ಅದು ವಿನೋದ. ನಮ್ಮ ಮನೆಯಲ್ಲಿ ಅದು ಸಾಲದ ವಿಷಯ.

ಮಹಾರಾಷ್ಟ್ರ ಸರಕಾರವು ೨೦೧೬ರಲ್ಲಿ ಬೇಡಿದ ರೈತರಿಗೆ ಕೃಷಿಹೊಂಡ ಕೊಡುವ ಯೋಜನೆಯನ್ನು ಹೊರಡಿಸಿದ ಮೇಲೆ ಈ ಕಡೆಯ ಹೊಲಗಳಲ್ಲಿ ಹೊಂಡಗಳು ಕಾಣತೊಡಗಿದವು. ನಮ್ಮ ತಮ್ಮನೂ ಒಂದನ್ನು ತೋಡಿಸಿ, ಸಾಲ ತಂದು ಪ್ಲಾಸ್ಟಿಕ್ ಹಾಸು ಹೊದಿಸಿ, ಕಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಟ್ಟನು. ಫಾಲ್ಗುಣದಲ್ಲಿ ನೀರು ಇಳಿಯಿತು, ಬಿಸಿಲು ಏರಿತು. ಮರಿಗಳು ಒತ್ತೊತ್ತಾದವೆಂದು ಬಲೆ ಹಾಕಿ ಒಂದಷ್ಟನ್ನು ಬೇರೆ ಹೊಂಡಕ್ಕೆ ಸಾಗಿಸಿದೆವು. ಮೂರನೆಯ ದಿನ ಬಾಲದ ಅಂಚು ಬೆಳ್ಳಗಾಗಿ ಹರಿದ ಅರಿವೆಯಂತೆ ಜೋತಿತ್ತು. ಕೆಲವುಗಳ ಬೆನ್ನಿನ ಮೇಲೆ ಮಾಸಲು ಮಚ್ಚೆಗಳೆದ್ದಿದ್ದವು. ರೋಗದ ಜೀವಾಣುಗಳು ನೀರಿನಲ್ಲಿ ಮೊದಲೇ ಇರುತ್ತವೆ. ಮೀನಿನ ಮೈಯ ಲೋಳೆಯೇ ಅದರ ಕವಚ. ಬಲೆಯಿಂದಲೂ ಒರಟು ಕೈಯಿಂದಲೂ ಆ ಕವಚವನ್ನು ಕಿತ್ತವರು ನಾವೇ ಎಂಬುದು ಆಗ ಹೊಳೆಯಲಿಲ್ಲ.

ನಮಗೆ ಹೊಳೆದುದು ಪೊಟ್ಯಾಸಿಯಂ ಪರ್ಮಾಂಗನೇಟು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿಯು ಕಾಲರಾ ತಡೆಯಲು ಬಾವಿಗಳಿಗೆ ಇದನ್ನು ಹಾಕುವಂತೆ ಪ್ರತಿಪಾದಿಸಿದ್ದನು. ಬಾವಿಯ ನೀರು ಕೆಂಪಾಗುತ್ತಿದ್ದ ಕಥೆಯನ್ನು ನಾವು ಹಿರಿಯರ ಬಾಯಿಂದ ಕೇಳಿದ್ದೆವು. ಕೆಂಪಾದರೆ ಸಾಕೆಂಬ ಧೈರ್ಯದಿಂದ, ೫೦ ಲೀಟರಿನ ತೊಟ್ಟಿಗೆ ಒಂದು ಚಿಟಿಕೆ, ಮೇಲೊಂದು ಚಿಟಿಕೆ ಉದುರಿಸಿದೆವು. ನೀರು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ನಲವತ್ತು ಮರಿಗಳನ್ನು ಬಿಟ್ಟೆವು. ಅವು ಮೇಲಕ್ಕೆ ಬಂದು ಬಾಯಿ ತೆರೆದವು. ರೋಗ ಬಿಡುವ ಲಕ್ಷಣವಿದು ಎಂದು ನಾವು ತಮ್ಮನಿಗೆ ವಿವರಿಸುತ್ತಿದ್ದಂತೆಯೇ ಮಗುಚತೊಡಗಿದವು. ಹನ್ನೊಂದು ಉಳಿದವು. ಇಪ್ಪತ್ತೈದು ವರ್ಷ ವಿಜ್ಞಾನ ಕಲಿಸಿದ ನಮ್ಮನ್ನು ತಮ್ಮನು ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಉದಗೀರದಲ್ಲಿ ಮೀನುಶಾಸ್ತ್ರ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬನನ್ನು ನಾಚಿಕೆ ಬಿಟ್ಟು ಕೇಳಿದೆವು. ಲೀಟರಿಗೆ ೧೦ ಮಿಲಿಗ್ರಾಂ, ಅರ್ಧ ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಮೊದಲು ನಾಲ್ಕು ಮೀನು ಬಿಟ್ಟು ನೋಡಬೇಕು. ನೀರು ಕ್ಷಾರವಾಗಿದ್ದರೆ ಔಷಧಿಯ ಕಂದು ಗಸಿ ಕಿವಿರುಗಳ ಮೇಲೆ ಕೂತೀತು, ಎಚ್ಚರ ಎಂದನು. ತೊಟ್ಟಿಗೆ ಬೇಕಾದುದು ಅರ್ಧ ಗ್ರಾಂ. ಅರ್ಧ ಗ್ರಾಮನ್ನು ತೂಗುವುದೆಲ್ಲಿ? ಮರುದಿನ ಏಳನೆಯ ತರಗತಿಯಲ್ಲಿ ಇದನ್ನೇ ಲೆಕ್ಕವಾಗಿ ಕೊಟ್ಟೆವು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ತೂಗೋದ್ಯಾಕ್ರೀ ಗುರುಗಳೇ? ಕರಗಿಸಿ ಅಳೀಬಹುದಲ್ರೀ!” ಎಂದಳು. ಅಕ್ಕಸಾಲಿಗನ ತಕ್ಕಡಿಯಲ್ಲಿ ೧೦ ಗ್ರಾಂ ತೂಗಿಸಿ ಒಂದು ಲೀಟರು ನೀರಿನಲ್ಲಿ ಕರಗಿಸಿದೆವು. ಒಂದು ಮಿಲಿಲೀಟರಿನಲ್ಲಿ ೧೦ ಮಿಲಿಗ್ರಾಂ. ತೊಟ್ಟಿಗೆ ೫೦ ಮಿಲಿಲೀಟರು. ಸೂಜಿ ತೆಗೆದ ಸಿರಿಂಜೇ ಅಳತೆಗೋಲಾಯಿತು.

ಭಾನುವಾರ ಮುಂಜಾನೆ ನೆರಳಿನಲ್ಲಿ ತೊಟ್ಟಿ ಇಟ್ಟು, ಇಪ್ಪತ್ತಿಪ್ಪತ್ತೇ ಮರಿಗಳಿಗೆ ಸ್ನಾನ ಮಾಡಿಸಿದೆವು. ಗಡಿಯಾರ ಆ ಹುಡುಗಿಯ ಕೈಯಲ್ಲಿ. ಒಬ್ಬ ಹುಡುಗನು ತಂಬಿಗೆಯಿಂದ ನೀರನ್ನು ಎತ್ತಿ ಎತ್ತಿ ಸುರಿಯುತ್ತ ಗಾಳಿ ಕೂಡಿಸುತ್ತಿದ್ದನು. ಪ್ರತಿ ತಂಡಕ್ಕೂ ಹೊಸ ನೀರು, ಹೊಸ ಔಷಧಿ: ಕೊಳೆಯನ್ನು ಸುಟ್ಟು ತಾನೂ ಮುಗಿಯುವುದು ಪರ್ಮಾಂಗನೇಟಿನ ಗುಣ; ಕೆಂಪು ಹೋಗಿ ಕಂದಾಯಿತೆಂದರೆ ಅದರ ಶಕ್ತಿ ತೀರಿತು. ಬಹುಪಾಲು ಮರಿಗಳು ಚೇತರಿಸಿಕೊಂಡವು. ಹೊಟ್ಟೆಯುಬ್ಬಿ ಹುರುಪೆ ನಿಮಿರಿದ ಕೆಲವನ್ನು ಉಳಿಸಲಾಗಲಿಲ್ಲ. ಅವುಗಳ ಬೇನೆ ಒಳಗಿನದು, ಸ್ನಾನ ತಲುಪುವುದು ಮೈಯನ್ನಷ್ಟೇ.

ಮಿಂದ ಮೀನನ್ನು ಅದೇ ಕೊಳೆತ ನೀರಿಗೆ ಬಿಟ್ಟರೆ ಏನು ಬಂತು? ತಮ್ಮನು ಹಿಂಡಿ ಹಾಕುವುದನ್ನು ಅರ್ಧಕ್ಕೆ ಇಳಿಸಿದನು, ತಳದ ಕೆಸರನ್ನು ಪಂಪಿನಿಂದ ತೆಗೆದು ಕಬ್ಬಿಗೆ ಹರಿಸಿದನು, ಮುಂದಿನ ವರ್ಷ ಮರಿಗಳನ್ನೇ ಕಡಮೆ ತಂದನು. ಆ ವರ್ಷದ ಮೀನು ಮಾರಿ ಸಾಲದ ಒಂದು ಕಂತು ತೀರಿತು. ಎರಡನೆಯದು ಹಾಗೆಯೇ ಉಳಿಯಿತು. ಪರ್ಮಾಂಗನೇಟಿನ ಸೀಸೆ ಈಗ ನಮ್ಮ ಮನೆಯಲ್ಲಿಲ್ಲ. ಅದನ್ನು ತಮ್ಮನು ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ.