ಮಾಘವೋ ವೈಶಾಖವೋ

ಅಪ್ಪಯ್ಯನ ನಾಡಿ ಹಿಡಿದರೆ ಲೆಕ್ಕ ಸಿಗುವುದಿಲ್ಲ. ಎರಡು ಬಡಿತ ಒತ್ತೊತ್ತಾಗಿ ಬರುತ್ತವೆ, ಮೂರನೆಯದು ಬಂತೋ ಇಲ್ಲವೋ ಎನ್ನುವಷ್ಟರಲ್ಲಿ ನಾಲ್ಕನೆಯದು. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರೀ ಅದುರುತ್ತವೆ, ಏಟ್ರಿಯಲ್ ಫಿಬ್ರಿಲೇಶನ್. ಜೊತೆಗೆ ಹಾರ್ಟ್ ಫೇಲ್ಯೂರ್. ಈ ಹೆಸರು ಕೇಳಿದವರೆಲ್ಲ ಹೃದಯ ನಿಂತೇಹೋಯಿತೆಂದು ತಿಳಿಯುತ್ತಾರೆ. ನಿಂತಿಲ್ಲ, ಮೈಗೆ ಬೇಕಾದಷ್ಟು ರಕ್ತ ತಳ್ಳಲು ಆಗುತ್ತಿಲ್ಲ. ಒಂದು ಕಾಯಿಲೆ ಇನ್ನೊಂದನ್ನು ಹೆಚ್ಚಿಸುತ್ತದೆ.

ಅಕ್ಕನ ಮಗಳ ಮದುವೆ ಗೊತ್ತಾಗಿತ್ತು. ಮಾಘದಲ್ಲೊಂದು ಮುಹೂರ್ತ, ವೈಶಾಖದಲ್ಲೊಂದು. ಅಕ್ಕ ನನಗೆ ಫೋನ್ ಮಾಡಿ, "ಡಾಕ್ಟ್ರ ಹತ್ರ ಒಂದು ಮಾತು ಕೇಳು. ವೈಶಾಖದ ತನಕ..." ಎಂದಳು. ಮುಂದಿನದನ್ನು ಹೇಳಲಿಲ್ಲ.

ಶಿವಮೊಗ್ಗದ ಡಾಕ್ಟರು ಮೊದಲು ಮಾಡಿದ್ದು ಪಾರ್ಶ್ವವಾಯುವಿನ ಲೆಕ್ಕ. ವಯಸ್ಸು 75 ದಾಟಿದ್ದಕ್ಕೆ 2, ಹಾರ್ಟ್ ಫೇಲ್ಯೂರಿಗೆ 1, ಬಿಪಿಗೆ 1, ಒಟ್ಟು 4. ಅದುರುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟಿ ಮಿದುಳಿಗೆ ಹೋಗಬಹುದು, ಹಾಗಾಗಿ ಹೆಪ್ಪುಗಟ್ಟದ ಮಾತ್ರೆ ಬೇಕೇ ಬೇಕು ಎಂದರು. ಆಯುಷ್ಯದ ಪ್ರಶ್ನೆಗೆ ಅದರಲ್ಲಿ ಉತ್ತರವಿರಲಿಲ್ಲ.

ಅದಕ್ಕೆ ಬೇರೆ ಲೆಕ್ಕವಿದೆ. ಮ್ಯಾಗಿಕ್ ಎಂದು ಹೆಸರು, 2013ರದ್ದು. 30 ಅಧ್ಯಯನಗಳ 39,372 ರೋಗಿಗಳನ್ನು ನೋಡಿ 13 ಸಂಗತಿ ಆರಿಸಿದ್ದಾರೆ: ವಯಸ್ಸು, ಹೃದಯ ಹಿಂಡುವ ಶಕ್ತಿ, ಕ್ರಿಯಾಟಿನಿನ್, ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು... ಒಂದು ವರ್ಷದಲ್ಲಿ, ಮೂರು ವರ್ಷದಲ್ಲಿ ಸಾವಿನ ಸಾಧ್ಯತೆ ಎಷ್ಟೆಂದು ಹೇಳುತ್ತದೆ. ಮೈ ತೆಳ್ಳಗಿದ್ದರೆ ಅಪಾಯ ಹೆಚ್ಚಂತೆ. ಜೀವಮಾನವಿಡೀ ಅಮ್ಮನಿಂದ ಸಣಕಲ ಎಂದು ಬೈಸಿಕೊಂಡವರಿಗೆ ಇಲ್ಲೂ ಬಿಡುಗಡೆಯಿಲ್ಲ! ನನಗೆ ಸೋಜಿಗವಾದದ್ದು, ಆ 13ರಲ್ಲಿ ನಾಡಿಯ ಏರುಪೇರೇ ಇಲ್ಲದಿರುವುದು.

"ನಿಮ್ಮ ತಂದೆಯಂಥ ನೂರು ಜನರಲ್ಲಿ ಎಷ್ಟು ಮಂದಿ ಅಂತ ಇದು ಹೇಳತ್ತೆ. ಯಾರು ಅಂತ ಹೇಳಲ್ಲ," ಎಂದರು ಡಾಕ್ಟರು. "ಒಂದು ತೂಕದ ಮಷೀನ್ ತಗೊಳ್ಳಿ. ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ನೋಡಿ. ಮೂರು ದಿನದಲ್ಲಿ ಎರಡು ಕೆಜಿ ಏರಿದ್ರೆ ಅದು ಕೊಬ್ಬಲ್ಲ, ನೀರು. ತಕ್ಷಣ ಫೋನ್ ಮಾಡಿ."

ಮೂರು ವರ್ಷದ ಭವಿಷ್ಯ ಕೇಳಲು ಹೋದ ನನಗೆ ಸಿಕ್ಕಿದ್ದು ಮೂರು ದಿನದ್ದು. ಆದರೆ ಕೈಯಲ್ಲಿ ಹಿಡಿದು ಏನಾದರೂ ಮಾಡಬಹುದಾದದ್ದು ಅದೊಂದೇ.

ಮನೆಯಲ್ಲಿ ಅಪ್ಪಯ್ಯ ಮಷೀನಿನ ಮೇಲೆ ನಿಂತು, ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆದರು. ಅಮ್ಮ ಅಪ್ಪೆಮಿಡಿ ಭರಣಿಯನ್ನು ಅಟ್ಟಕ್ಕೇರಿಸಿದ್ದಕ್ಕೆ ಮುನಿಸಿತ್ತು. ಡಾಕ್ಟರು ಏನೆಂದರೆಂದು ಕೇಳಲೇ ಇಲ್ಲ.

ರಾತ್ರಿ ಊಟಕ್ಕೆ ಕೂತಾಗ ತಾವಾಗಿಯೇ ಅಂದರು: "ಮಾಘದ ಹೊತ್ತಿಗೆ ಅಡಿಕೆ ಕೊಯ್ಲು ಮುಗಿದಿರ್ತದೆ. ವೈಶಾಖದಲ್ಲಿ ಬಾವೀಲಿ ನೀರಿರಲ್ಲ, ನೆಂಟರಿಗೆ ತೊಂದ್ರೆ. ನಿಮ್ಮಕ್ಕಂಗೆ ಮಾಘಕ್ಕೇ ಇಡೋಕೆ ಹೇಳು."

ನಮ್ಮ ಬಾವಿ ವೈಶಾಖದಲ್ಲಿ ಬತ್ತಿದ್ದನ್ನು ನಾನು ಕಂಡಿಲ್ಲ. ಅಮ್ಮ ಏನೂ ಹೇಳದೆ ಅವರ ತಟ್ಟೆಗೆ ಇನ್ನೊಂದು ಸೌಟು ಅನ್ನ ಹಾಕಿದಳು.