ಹೆಸರು ಬೀಳುವ ಹೊತ್ತು

ಸಿನಿಮಾಕ್ಕೆ ಹೋಗುವುದಾದರೆ ಹೆಸರು ಬೀಳುವುದಕ್ಕೆ ಮೊದಲೇ ಒಳಗೆ ಕೂತಿರಬೇಕು ಎಂಬುದು ನಮ್ಮವ್ವನ ಕಾನೂನು. ಆಗ ನಾವಿದ್ದದ್ದು ಹಳೇ ದಾವಣಗೆರೆಯ ಬಾಡಿಗೆ ಮನೆಯಲ್ಲಿ. ಅಶೋಕ ಟಾಕೀಸಿಗೆ ಹೋಗುವ ದಿನ ಅರ್ಧ ಗಂಟೆ ಮುಂಚೆಯೇ ಹೊರಡಿಸುತ್ತಿದ್ದಳು. ಪಕ್ಕದ ರೈಲ್ವೆ ಗೇಟು ಯಾವಾಗ ಬೀಳುತ್ತದೆ ಎಂದು ಸ್ಟೇಶನ್ ಮಾಸ್ತರರಿಗೂ ಗೊತ್ತಿರುತ್ತಿತ್ತೋ ಇಲ್ಲವೋ! ಗೇಟು ಬಿದ್ದು ಗೂಡ್ಸ್ ಗಾಡಿ ನಿಧಾನವಾಗಿ ಹೊರಟಿತೆಂದರೆ ಅವ್ವನ ಮುಖ ನೋಡುವಂತಿರಲಿಲ್ಲ. ಡಬ್ಬಿಗಳನ್ನು ಎಣಿಸುತ್ತಾ, "ಹೆಸರು ಬಿಟ್ಟೇಬಿಡ್ತಾರೆ ಇವರು" ಎಂದು ಗೊಣಗುವಳು. ಅಪ್ಪನಿಗೆ ನಗು. "ನಿನಗೇನು ಓದಾಕ ಬರತೈತೇನು? ಹೆಸರು ಕಟ್ಟಿಕೊಂಡು ಏನು ಮಾಡ್ತೀ?" ಎನ್ನುತ್ತಿದ್ದ.

ಅವ್ವನಿಗೆ ಓದಲು ಬರುತ್ತಿರಲಿಲ್ಲ, ನಿಜ. ಅದಕ್ಕೆಂದೇ ನಾನಿದ್ದೆ. ಮೂರನೇ ಕ್ಲಾಸಿನಲ್ಲಿ ಒತ್ತಕ್ಷರ ತಪ್ಪಿಲ್ಲದೆ ಓದಲು ಕಲಿತಾಗಿನಿಂದ ಅವ್ವನ ಮಗ್ಗುಲಲ್ಲಿ ಕೂತು ಹೆಸರು ಓದುವುದು ನನ್ನ ಕೆಲಸ. ಘಂಟಸಾಲ ಅವರ ವೆಂಕಟೇಶನ ಹಾಡು ಮುಗಿದು, ಸೀರೆ ಅಂಗಡಿಯ ಸ್ಲೈಡುಗಳು ಮುಗಿದು, ಸರ್ಕಾರದ ಸಮಾಚಾರ ಚಿತ್ರವೂ ಮುಗಿದು ಸೆನ್ಸಾರ್ ಸರ್ಟಿಫಿಕೇಟು ಬಂತೆಂದರೆ ಅವ್ವ ನನ್ನ ಮೊಣಕೈ ತಿವಿಯುವಳು. "ಏನಂತ ಬರದೈತಿ, ಓದವ್ವ." ಮೊದಲು ಓದಬೇಕಾದದ್ದು ಸರ್ಟಿಫಿಕೇಟಿನಲ್ಲಿ ಎಷ್ಟು ರೀಲು ಎಂಬುದನ್ನು. ಹದಿನಾರು ಎಂದರೆ ಸಮಾಧಾನ. ಹದಿಮೂರು ಎಂದರೆ, "ರೊಕ್ಕ ಮಾತ್ರ ಅಷ್ಟೇ ತಗೊಂಡಾರ" ಎಂದು ಬೇಸರ.

ಆಮೇಲೆ ಅವ್ವ ಕಥೆ ಹೇಳಲು ಶುರು ಮಾಡುತ್ತಿದ್ದಳು, ಸಿನಿಮಾ ಇನ್ನೂ ಶುರುವಾಗುವ ಮೊದಲೇ! ಇದು ನನಗೆ ಬಹಳ ದಿನ ಪವಾಡದಂತೆ ಕಾಣುತ್ತಿತ್ತು. "ಸಾಹಸ" ಎಂದು ಓದಿದರೆ ಹೊಡೆದಾಟ ಐತಿ. "ನೃತ್ಯ" ಎಂದರೆ ಒಂದು ಕ್ಲಬ್ ಡ್ಯಾನ್ಸು ಇದ್ದೇ ಇರತೈತಿ. ಕೊನೆಗೆ ಬರುವ ಕೃತಜ್ಞತೆಯ ಪಟ್ಟಿಯಲ್ಲಿ ಯಾವುದೋ ಕಾಫಿ ಎಸ್ಟೇಟಿನ ಮಾಲೀಕರ ಹೆಸರಿದ್ದರೆ ಗುಡ್ಡದ ಮೇಲೆ ಓಡಾಡುವ ಹಾಡು, ಆಸ್ಪತ್ರೆಯ ಹೆಸರಿದ್ದರೆ ಯಾರೋ ಸಾಯುತ್ತಾರೆ. ನೂರಕ್ಕೆ ತೊಂಬತ್ತು ಸಲ ಅವ್ವನ ಲೆಕ್ಕ ತಪ್ಪುತ್ತಿರಲಿಲ್ಲ.

ಅಕ್ಷರ ಬರದಿದ್ದರೂ ಅಕ್ಷರದ ರೂಪ ಅವಳಿಗೆ ಅರ್ಥವಾಗುತ್ತಿತ್ತು. ಪೌರಾಣಿಕ ಚಿತ್ರಗಳ ಅಕ್ಷರ ದುಂಡಗೆ, ಅರಿಶಿನದ ಬಣ್ಣ, ಹಿಂದೆ ದೀಪವೋ ಗೋಪುರವೋ, ಶಂಖದ ಸದ್ದು. ಕೊಲೆ ಪತ್ತೇದಾರಿಯಾದರೆ ಅಕ್ಷರಗಳ ಮೂಲೆ ಚೂರಿಯ ಹಾಗೆ ಮೊನಚು. ದೆವ್ವದ ಚಿತ್ರವಾದರೆ ಅಕ್ಷರದಿಂದ ಕೆಂಪು ಸೋರಬೇಕು, ನಾಯಿ ಊಳಿಡಬೇಕು. ಸಾಂಸಾರಿಕ ಚಿತ್ರವಾದರೆ ಸೌಮ್ಯವಾದ ಅಕ್ಷರ, ವೀಣೆಯದೋ ಕೊಳಲಿನದೋ ನಾದ. ಆಗೆಲ್ಲ ಈ ಅಕ್ಷರಗಳನ್ನು ಕಲಾವಿದರು ಕೈಯಲ್ಲಿ ಬರೆಯುತ್ತಿದ್ದರು. ಕಾರ್ಡಿನ ಮೇಲೋ ಗಾಜಿನ ಮೇಲೋ ಬರೆದು, ಅದನ್ನು ಕ್ಯಾಮೆರಾದಲ್ಲಿ ಹಿಡಿದು, ದೃಶ್ಯದ ಮೇಲೆ ಕೂಡಿಸುತ್ತಿದ್ದರು ಎಂದು ನಾನು ತಿಳಿದದ್ದು ಎಷ್ಟೋ ವರ್ಷದ ಮೇಲೆ. ನನ್ನ ಕನ್ನಡ ಬರವಣಿಗೆ ದುಂಡಗಿದೆ ಎಂದು ಶಾಲೆಯಲ್ಲಿ ಹೊಗಳಿದರೆ ಅದರಲ್ಲಿ ಅರ್ಧ ಪಾಲು ಆ ಹೆಸರು ತಿಳಿಯದ ಕಲಾವಿದರಿಗೆ ಸಲ್ಲಬೇಕು.

ಹೆಸರುಗಳಿಗೂ ಒಂದು ಮರ್ಯಾದೆಯ ಕ್ರಮವಿತ್ತು. ನಾಯಕನ ಹೆಸರಿಗೆ ಶಿಳ್ಳೆ, ಚಿಲ್ಲರೆ ಕಾಸು, ಹರಿದ ಕಾಗದದ ಚೂರು. ಹಳೆಯ ಚಿತ್ರ ಮತ್ತೆ ಬಂದಾಗ "ರಾಜ್‌ಕುಮಾರ್" ಎಂಬ ಹೆಸರಿನ ಹಿಂದೆ "ಡಾ." ಇಲ್ಲದಿದ್ದರೆ ಅದು 1976ಕ್ಕೆ ಮೊದಲಿನದು ಎಂದು ಅಪ್ಪ ಹೇಳುತ್ತಿದ್ದ, ಮೈಸೂರು ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಬಂದದ್ದು ಆ ವರ್ಷ. ಕೊನೆಯಲ್ಲಿ ನಿರ್ದೇಶಕರ ಹೆಸರು. ಆ ಹೆಸರಿಗೂ ಚಪ್ಪಾಳೆ ಬಿದ್ದದ್ದನ್ನು ನಾನು ಕೇಳಿದ್ದು ಪುಟ್ಟಣ್ಣ ಕಣಗಾಲ್ ಅವರಿಗೆ ಮಾತ್ರ.

ಅವ್ವ ಕಾಯುತ್ತಿದ್ದುದು ಇದಾವುದಕ್ಕೂ ಅಲ್ಲ. "ಕಥಿ ಯಾರದು?" ಎಂಬುದೊಂದೇ ಅವಳ ಪ್ರಶ್ನೆ. ಕನ್ನಡದಲ್ಲಿ ಅದೊಂದು ಕಾಲವಿತ್ತು, ನಿಮಗೂ ನೆನಪಿರಬಹುದು. 'ಬೆಳ್ಳಿಮೋಡ' (1967), 'ಶರಪಂಜರ' (1971) ತ್ರಿವೇಣಿಯವರದು, 'ಗೆಜ್ಜೆಪೂಜೆ' (1969) ಎಂ.ಕೆ. ಇಂದಿರಾ ಅವರದು, 'ಎರಡು ಕನಸು' (1974), 'ಶುಭಮಂಗಳ' (1975), 'ಹೊಸ ಬೆಳಕು' (1982) ವಾಣಿಯವರದು. ಟಾಕೀಸಿನ ಕತ್ತಲೆಯಲ್ಲಿ ಅಷ್ಟು ಗಂಡಸರ ಹೆಸರುಗಳ ನಡುವೆ ಒಂದು ಹೆಣ್ಣು ಹೆಸರು ಮೂಡಿದರೆ ಅವ್ವ ಸೆರಗು ಬಿಡಿಸಿ ತೊಡೆಯ ಮೇಲೆ ಇಟ್ಟುಕೊಳ್ಳುವಳು, ಕಣ್ಣೀರಿಗೆ ತಯಾರಿ! "ಹೆಣ್ಮಗಳು ಬರೆದಾಳಂದ್ರ ಸುಳ್ಳಿರಂಗಿಲ್ಲ" ಎನ್ನುವಳು. ತ್ರಿವೇಣಿ 1963ರಲ್ಲೇ ತೀರಿಕೊಂಡರು, ತಮ್ಮ ಹೆಸರು ಹೀಗೆ ಬೆಳ್ಳಿತೆರೆಯ ಮೇಲೆ ಮೂಡಿದ್ದನ್ನು ಅವರು ನೋಡಲೇ ಇಲ್ಲ ಎಂದು ಮುಂದೊಂದು ದಿನ ನಾನು ಹೇಳಿದಾಗ ಅವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಕೈ ಮಾತ್ರ ನಿಧಾನವಾಯಿತು.

ಈಗ ಹೇಳಬೇಕಾದ ಮಾತನ್ನು ಹೇಳುತ್ತೇನೆ. 1986. ನಾನು ಕಾಲೇಜು ಸೇರಿದ್ದೆ, ಎರಡು ಜಡೆ ಹೋಗಿ ಒಂದು ಜಡೆ ಆಗಿತ್ತು. 'ಅನುರಾಗ ಅರಳಿತು' ನೋಡಲು ಹೋಗಿದ್ದೆವು. ಹಿಂದಿನ ಸಾಲಿನಲ್ಲಿ ನನ್ನ ಕ್ಲಾಸಿನ ನಾಲ್ವರು ಹುಡುಗಿಯರು, ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿ ಬಂದವರು. ಪರದೆ ಸರಿಯಿತು, ಹೆಸರು ಬೀಳತೊಡಗಿದವು. ಅವ್ವ ಎಂದಿನಂತೆ ಮೊಣಕೈ ತಿವಿದಳು. "ಏನಂತ ಬರದೈತಿ, ಓದವ್ವ." ಅವಳ ಪಿಸುಮಾತೆಂದರೆ ನಾಲ್ಕು ಸಾಲಿಗೆ ಕೇಳುವಂಥದ್ದು. ಹಿಂದೆ ಯಾರೋ ಕಿಸಕ್ಕೆಂದರು. ನನ್ನನ್ನೇ ನೋಡಿ ನಕ್ಕರೋ ಬೇರೆ ಯಾವುದಕ್ಕೋ, ದೇವರಿಗೇ ಗೊತ್ತು. ನಾನು ತೆರೆಯಿಂದ ಕಣ್ಣು ಕೀಳದೆ, "ಸುಮ್ಮನೆ ನೋಡವ್ವ, ಅದರಾಗೇನೈತಿ" ಎಂದೆ.

ಅವ್ವ ಸುಮ್ಮನಾದಳು. ಆ ಚಿತ್ರ ಎಚ್.ಜಿ. ರಾಧಾದೇವಿಯವರ ಕಾದಂಬರಿಯನ್ನು ಆಧರಿಸಿದ್ದು. ಕಥೆ ಯಾರದೆಂದು ಅವ್ವನಿಗೆ ಅಂದು ತಿಳಿಯಲೇ ಇಲ್ಲ. ಆಚೆ ಬಂದು ಬೆಣ್ಣೆದೋಸೆ ತಿನ್ನುವಾಗಲೂ ಅವಳು ಕೋಪ ಮಾಡಿಕೊಂಡಿರಲಿಲ್ಲ. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಮುಂದಿನ ಸಿನಿಮಾದಲ್ಲಿ ನಾನೇ ಬಾಗಿ, "ಸಂಗೀತ ರಾಜನ್-ನಾಗೇಂದ್ರ" ಎಂದು ಶುರು ಮಾಡಿದರೆ ಅವಳು ನನ್ನ ಕೈ ತಟ್ಟಿ, "ಇರಲಿ ಬಿಡವ್ವ, ನನಗೆ ತಿಳಿತೈತಿ" ಎಂದಳು. ಅಲ್ಲಿಗೆ ನನ್ನ ಕೆಲಸ ಹೋಯಿತು.

ಅದೇ ವರ್ಷ ದೂರದರ್ಶನದಲ್ಲಿ 'ಮಾಲ್ಗುಡಿ ಡೇಸ್' ಶುರುವಾಯಿತು. ಆರ್.ಕೆ. ನಾರಾಯಣ್ ಅವರ ಕಥೆಗಳು, ಶಂಕರ್ ನಾಗ್ ನಿರ್ದೇಶನ, ನಮ್ಮ ಆಗುಂಬೆಯೇ ಮಾಲ್ಗುಡಿ. ಓಣಿಯಲ್ಲಿ ಟಿ.ವಿ. ಇದ್ದ ಒಂದೇ ಮನೆಯ ಪಡಸಾಲೆಯಲ್ಲಿ ನಾವೆಲ್ಲ ಚಾಪೆ ಹಾಸಿ ಕೂರುತ್ತಿದ್ದೆವು. ಮಾತೆಲ್ಲ ಹಿಂದಿ, ಹೆಸರುಗಳೂ ಕನ್ನಡವಲ್ಲ. ಅವ್ವನಿಗೆ ಇದರಲ್ಲೇನು ಎಂದುಕೊಂಡೆ. ಆದರೆ ನಾರಾಯಣರ ತಮ್ಮ ಆರ್.ಕೆ. ಲಕ್ಷ್ಮಣ್ ಅವರ ರೇಖಾಚಿತ್ರಗಳು ಒಂದೊಂದಾಗಿ ಬರತೊಡಗಿದವು. ಎಲ್. ವೈದ್ಯನಾಥನ್ ಅವರ ಆ ರಾಗ ಬಂತು. ಅದಕ್ಕೆ ಪದಗಳಿಲ್ಲ, ಬರೀ ತಾನನ. ನಾಲ್ಕು ಗೆರೆಯಲ್ಲಿ ಮನುಷ್ಯರು, ನಾಲ್ಕು ಗೆರೆಯಲ್ಲಿ ಊರು. ಅವ್ವ ಈಗ ನನ್ನ ಮೊಣಕೈ ತಿವಿದು ತಾನೇ ಓದತೊಡಗಿದಳು! "ನೋಡು, ಸಣ್ಣ ಊರಿನ ಕಥಿ. ದೊಡ್ಡ ದುಃಖ ಏನಿರಂಗಿಲ್ಲ. ನಗಬೇಕು ಅನ್ನುವಾಗ ಒಂಚೂರು ಹೊಟ್ಟ್ಯಾಗ ಸಂಕಟ ಆಗತೈತಿ, ಅಷ್ಟ." ಆ ಧಾರಾವಾಹಿಯ ಬಗ್ಗೆ ನಾನು ಆಮೇಲೆ ಎಷ್ಟೋ ವಿಮರ್ಶೆಗಳನ್ನು ಓದಿದ್ದೇನೆ. ಇದಕ್ಕಿಂತ ಸರಿಯಾದ ಮಾತನ್ನು ಓದಿಲ್ಲ.

1990ರ ಸೆಪ್ಟೆಂಬರ್ 30ರಂದು ಶಂಕರ್ ನಾಗ್ ತೀರಿಕೊಂಡದ್ದು ನಮ್ಮೂರ ಮಗ್ಗುಲಲ್ಲೇ, ಚಿತ್ರದುರ್ಗದ ಕಡೆಯ ಹೆದ್ದಾರಿಯ ಆನಗೋಡಿನ ಬಳಿ, ಕಾರು ಅಪಘಾತದಲ್ಲಿ. ನಾನಾಗ ಬಿ.ಎಡ್. ಓದುತ್ತಿದ್ದೆ. ಸುದ್ದಿ ಮನೆಯಿಂದ ಮನೆಗೆ ಹಬ್ಬಿ ಊರೇ ಸೂತಕದಂತಾಯಿತು. ಅವ್ವ ಪಾತ್ರೆ ತಿಕ್ಕುತ್ತಾ ಆ ರಾಗವನ್ನು ಗುನುಗುತ್ತಿದ್ದಳು, ತನಗೇ ತಿಳಿಯದಂತೆ. ಇಂದಿಗೂ ಆನಗೋಡು ದಾಟುವಾಗ ಬಸ್ಸಿನಲ್ಲಿ ನನಗೆ ಮೊದಲು ಕೇಳಿಸುವುದು ಆ ತಾನನವೇ.

ಈ ಹೆಸರು ಬೀಳುವ ಐದು ನಿಮಿಷಕ್ಕೆ ಜಗತ್ತಿನಲ್ಲಿ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ ಎಂದು ಗೊತ್ತಾದಾಗ ನನಗೆ ಅವ್ವನ ಮೇಲಿನ ಗೌರವ ಹೆಚ್ಚಾಯಿತು. ಅಮೆರಿಕದಲ್ಲಿ ಸಾಲ್ ಬಾಸ್ ಎಂಬ ಕಲಾವಿದ ಇದನ್ನೇ ಒಂದು ಕಲೆ ಮಾಡಿದವನು. ಹಿಚ್‌ಕಾಕ್‌ನ 'ಸೈಕೋ' (1960) ಚಿತ್ರಕ್ಕೆ ಅವನು ಮಾಡಿದ್ದು ಬರೀ ಗೆರೆಗಳು. ಅತ್ತಿಂದಿತ್ತ ಓಡಿ ಹೆಸರುಗಳನ್ನೇ ಸೀಳಿಬಿಡುತ್ತವೆ. ಮನಸ್ಸು ಸೀಳಿಹೋದವನ ಕಥೆ ಎಂದು ಅಲ್ಲೇ ಹೇಳಿಯಾಯಿತು. 1955ರ ಅವನ ಇನ್ನೊಂದು ಚಿತ್ರದ ರೀಲಿನ ಡಬ್ಬಿಗಳ ಮೇಲೆ, ಹೆಸರು ಬೀಳುವ ಮೊದಲೇ ಪರದೆ ಸರಿಸಿ ಎಂದು ಟಾಕೀಸಿನವರಿಗೆ ಚೀಟಿ ಅಂಟಿಸಿದ್ದರಂತೆ. ಅಲ್ಲಿನ ಜನರೂ ನಮ್ಮಪ್ಪನಂಥವರೇ ಎಂದಾಯಿತು! ಅದೇ 1955ರಲ್ಲಿ ಸತ್ಯಜಿತ್ ರಾಯ್ 'ಪಥೇರ್ ಪಾಂಚಾಲಿ'ಗೆ ಒರಟು ಕಾಗದದ ಮೇಲೆ ಕೈಬರಹದ ಬಂಗಾಳಿ ಅಕ್ಷರ ಇಟ್ಟರು, ಜತೆಗೆ ರವಿಶಂಕರರ ಸಿತಾರ್. ಬಡವರ ಮನೆಯಿಂದ ಬಂದ ಕಾಗದದಂತೆ ಕಾಣುತ್ತದೆ ಅದು. ರಾಯ್ ಮೊದಲು ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದವರು, ಅಕ್ಷರದ ಬೆಲೆ ಗೊತ್ತಿತ್ತು.

1998ರಲ್ಲಿ 'ಮಾಯಾಮೃಗ' ಬಂದಾಗ ನಾನು ಮದುವೆಯಾಗಿ ಸರಸ್ವತಿ ನಗರಕ್ಕೆ ಬಂದಿದ್ದೆ. ಅವ್ವನೂ ನಮ್ಮಲ್ಲೇ ಇದ್ದಳು. ಶೀರ್ಷಿಕೆ ಗೀತೆ ಎಚ್.ಎಸ್. ವೆಂಕಟೇಶಮೂರ್ತಿಯವರದು, ನಮ್ಮ ಚನ್ನಗಿರಿ ತಾಲ್ಲೂಕಿನ ಹೋದಿಗೆರೆಯವರು, ಸಂಗೀತ ಸಿ. ಅಶ್ವಥ್. ಆ ಹಾಡು ಕೇಳಿದ ಕೂಡಲೇ ಸಾಲುಮನೆಗಳಲ್ಲಿ ಸ್ಟೋವು ಸಣ್ಣಗಾಗುತ್ತಿತ್ತು. "ಸೀತಮ್ಮನ ಜಿಂಕಿ. ಅಂದ್ರ ಈ ಮನ್ಯಾಗ ಯಾರಿಗೂ ಬೇಕಂದಿದ್ದು ಸಿಗಂಗಿಲ್ಲ" ಎಂದು ಅವ್ವ ಮೊದಲ ದಿನವೇ ತೀರ್ಪು ಕೊಟ್ಟಳು. ಓದಿ ಹೇಳು ಎಂದು ಆಗಲೂ ಕೇಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಅವಳು ಹೋಗಿ ಈಗ ಹದಿನಾಲ್ಕು ವರ್ಷ.

ಶಾಲೆಯಲ್ಲಿ ಹೊಸ ಪಾಠ ತೆಗೆಯುವಾಗ ನಾನು ಹೆಸರನ್ನು ಮಾತ್ರ ಬೋರ್ಡಿನ ಮೇಲೆ ಬರೆದು, ಒಳಗೆ ಏನಿರಬಹುದು ಹೇಳಿ ಎಂದು ಮಕ್ಕಳನ್ನು ಕೇಳುತ್ತೇನೆ. ಪೋರ್ಷನ್ ಮುಗಿಸುವ ಆತುರದಲ್ಲಿರುವ ಸಹೋದ್ಯೋಗಿಗಳಿಗೆ ಇದು ಕಾಲಹರಣ. ಮನೆಯಲ್ಲಿ ಇನ್ನೂ ಕಷ್ಟ. ಮಗ ಹಾಕಿಕೊಟ್ಟಿರುವ ಟಿ.ವಿ.ಯಲ್ಲಿ ಧಾರಾವಾಹಿಗಳ ಹೆಸರು ಬೀಳತೊಡಗಿದ ಕೂಡಲೇ ಮೂಲೆಯಲ್ಲಿ ಒಂದು ಗುಂಡಿ ಮೂಡುತ್ತದೆ, ಒತ್ತಿದರೆ ಹೆಸರುಗಳೆಲ್ಲ ಮಾಯ. ಎಷ್ಟು ಜನ ಕಷ್ಟಪಟ್ಟು ಮಾಡಿದ್ದನ್ನು ಒಂದು ಬೆರಳಿನಲ್ಲಿ ಹಾರಿಸಿಬಿಡುವುದು! ಮಗನಿಗೂ ನನಗೂ ಇದರಲ್ಲಿ ಜಗಳ ನಿತ್ಯದ್ದು.

ಹೋದ ದಸರಾ ರಜೆಯಲ್ಲಿ 'ಎರಡು ಕನಸು' ಹಾಕಿಕೊಂಡು ಒಬ್ಬಳೇ ಕೂತಿದ್ದೆ. ನಮ್ಮವರು ಪೇಪರು ಹಿಡಿದು ಒಳಗೆ ಬಂದವರು ಬಾಗಿಲಲ್ಲೇ ನಿಂತರು.

"ಯಾರಿಗೆ ಓದಿ ಹೇಳ್ತಿದ್ದೀ?" ಎಂದರು.

ಸದ್ದು ಬರುವಂತೆ ಓದುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ. "ಸ್ವಲ್ಪ ತಡೀರಿ, ಕಥೆ ಯಾರದೂಂತ ಬರುತ್ತೆ ಈಗ" ಎಂದೆ. ಅವರು ಪೇಪರು ಮಡಚಿ ಪಕ್ಕದಲ್ಲಿ ಕೂತರು.