ಗಂಧಕಕ್ಕೊಬ್ಬ ಜೊತೆಗಾರ

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟಿದ್ದ ನಮ್ಮ ಜೀಪು ಸಸ್ತಾಪುರ ಬಂಗ್ಲಾದ ಬಳಿ ಪಂಕ್ಚರ್ ಆಯಿತು. ಹೆದ್ದಾರಿ ಬದಿಯ ಅಂಗಡಿಯ ಚಾಚಾ ಟ್ಯೂಬನ್ನು ಉಜ್ಜಿ, ಕಚ್ಚಾ ರಬ್ಬರಿನ ತುಂಡಿಟ್ಟು ಬಿಸಿ ಯಂತ್ರದಲ್ಲಿ ಬಿಗಿದರು. ಗಂಧಕದ ಘಾಟು ಮೂಗಿಗೆ ಬಡಿಯಿತು.

"ಈ ವಾಸನಿ ಇಲ್ಲಂದ್ರ ಪ್ಯಾಚ್ ಹಿಡಿಯಂಗಿಲ್ರಿ ಸಾಬ್" ಎಂದರು.

ಅವರ ಮಾತು ನಿಜ. 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ ವಲ್ಕನೈಸಿಂಗ್ ಇದೇ. ನೂರು ಪಾಲು ರಬ್ಬರಿಗೆ ಎರಡು ಮೂರು ಪಾಲು ಗಂಧಕ ಸೇರಿಸಿದರೆ ಅದು ಎಳೆಗಳ ನಡುವೆ ಹೊಲಿಗೆ ಹಾಕುತ್ತದೆ. ಹೊಲಿಗೆ ಬಿದ್ದ ಟಯರು ಮತ್ತೆ ಕರಗದು. ಅಂಗಡಿಯ ಹಿಂದಿನ ಹಳೆ ಟಯರುಗಳ ರಾಶಿಗೂ ಅದೇ ಕಾರಣ. ಚಳಿಗಾಲದಲ್ಲಿ ಅದರಲ್ಲೊಂದಕ್ಕೆ ಬೆಂಕಿ ಹಚ್ಚುತ್ತಾರೆ. ಆ ಕರಿ ಹೊಗೆ ಮೊದಲು ಹೋಗುವುದು ಅಂಗಡಿಯ ಹುಡುಗರ ಎದೆಗೆ.

2013ರಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಜೆಫ್ರಿ ಪ್ಯೂನ್ ತಂಡ ಈ ಲೆಕ್ಕವನ್ನು ತಲೆಕೆಳಗು ಮಾಡಿತು: ಗಂಧಕವೇ ಹೆಚ್ಚು, ಉಳಿದದ್ದು ಕಡಿಮೆ. ಪೆಟ್ರೋಲ್, ಡೀಸೆಲ್ ಶುದ್ಧಿ ಮಾಡುವಾಗ ತೆಗೆದ ಗಂಧಕ ಆಗ ಬೇಡಿಕೆ ಮೀರಿ ಗುಡ್ಡವಾಗಿ ಬಿದ್ದಿತ್ತು. ಗಂಧಕದ ಎಂಟು ಪರಮಾಣುಗಳ ಉಂಗುರ ಸುಮಾರು 160 ಡಿಗ್ರಿ ಶಾಖದಲ್ಲಿ ಬಿಚ್ಚಿ ಸರಪಳಿಯಾಗುತ್ತದೆ. ಆರಿದರೆ ಕ್ರಮೇಣ ಮತ್ತೆ ಉಂಗುರವೇ! ಸರಪಳಿಯ ತುದಿ ಹಿಡಿದು ನಿಲ್ಲಿಸಲು ಜೊತೆಗಾರನೊಬ್ಬ ಬೇಕು, ಅದೇ ಮೊನೊಮರ್. ಅದರಲ್ಲಿ ಸಾಮಾನ್ಯವಾಗಿ ಎರಡು ಜೋಡಿಬಂಧಗಳಾದರೂ ಇರಬೇಕು, ಆ ಶಾಖಕ್ಕೆ ಆವಿಯಾಗಿ ಹಾರಬಾರದು, ಕರಗಿದ ಗಂಧಕದಲ್ಲಿ ಬೆರೆಯಬೇಕು. ಪ್ಯೂನ್ ತಂಡ ಆರಿಸಿದ್ದು ಡೈಐಸೊಪ್ರೊಪಿನೈಲ್ ಬೆಂಜೀನ್ ಎಂಬ ದ್ರವ. ಆಸ್ಟ್ರೇಲಿಯಾದ ಜಸ್ಟಿನ್ ಚಾಕರ್ ತಂಡ 2015ರಲ್ಲಿ ಕಿತ್ತಳೆ ಸಿಪ್ಪೆಯ ಲಿಮೊನೀನ್ ಬಳಸಿ ನೀರಿನ ಪಾದರಸ ಸೆಳೆಯುವ ಪದಾರ್ಥ ಮಾಡಿತು. 2017ರಲ್ಲಿ ಅದೇ ತಂಡ ಕರಿದು ಉಳಿದ ಅಡುಗೆ ಎಣ್ಣೆಯೂ ಸಾಕೆಂದು ತೋರಿಸಿತು.

ಎಣ್ಣೆ ಎಂದಾಗ ನಮಗೆ ಅಳುಕಾಯಿತು. ಅಗಸೆ, ಸೂರ್ಯಕಾಂತಿ ಎಣ್ಣೆಗಳೂ ಗಂಧಕದೊಡನೆ ಕೂಡುತ್ತವೆ. ನಾಳೆ ನಮ್ಮ ಭಾಗದ ಕುಸುಬೆ, ಸೋಯಾ ಎಣ್ಣೆಗೂ ಕಾರ್ಖಾನೆ ಕೈಚಾಚಿದರೆ ಬಡವರ ಒಗ್ಗರಣೆಯ ಗತಿಯೇನು? ಭಜಿ ಬಾಣಲೆಯಲ್ಲಿ ಮೂರನೇ ದಿನವೂ ಕುದಿಯುವ ಕರಿ ಎಣ್ಣೆಯನ್ನು ಬೇಕಾದರೆ ಒಯ್ಯಲಿ, ಅದು ಹೊಟ್ಟೆಗೆ ಹೋಗದಿದ್ದರೆ ಎಲ್ಲರಿಗೂ ಒಳ್ಳೆಯದೇ.

ಪ್ಯಾಚ್ ಆರುವವರೆಗೆ ಚಾಚಾಗೆ ಇದನ್ನೆಲ್ಲ ಹೇಳಿದೆವು. ಗಂಧಕ ಹೆಚ್ಚಿರುವ ಈ ಹೊಸ ಪದಾರ್ಥದ ಬಂಧಗಳು ಶಾಖಕ್ಕೆ ಬಿಚ್ಚಿ ಮತ್ತೆ ಕೂಡುತ್ತವೆ, ಹೀಗಾಗಿ ಅದನ್ನು ಪುನಃ ಅಚ್ಚಿಗೆ ಹಾಕಬಹುದು ಎಂದೆವು. ಅವರು ರಾಶಿಯತ್ತ ತಿರುಗಿದರು.

"ಹಂಗಂದ್ರ ಈ ಹಳೀ ಟಯರ್ ಕರಗ್ತಾವೇನ್ರಿ?"

ಇಲ್ಲ ಎಂದೆವು. ಚಾಚಾ ಗಾಲಿ ಬಿಗಿದು ಜಾಕ್ ಇಳಿಸಿದರು.